ಶನಿವಾರದ ಭಜನೆಗೆ ಬಂದ ತಬಲಾ

ಪುಣೆ ಕ್ಯಾಂಪಿನ ಹಳೆಯ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಕೆಳಗೆ ಅಪ್ಪನ ಹೋಟೆಲು, ಮೇಲೆ ನಮ್ಮ ಮನೆ. ನಾಲ್ಕು ಕೋಣೆ, ಒಂದು ಗ್ಯಾಲರಿ, ಹಿಂದುಗಡೆ ಹೋಟೆಲಿನ ಅಡುಗೆಮನೆಗೆ ಇಳಿಯುವ ಕಡಿದಾದ ಮರದ ಮೆಟ್ಟಿಲು. ಬೆಳಗ್ಗೆ ಕೆಳಗೆ ಚಟ್ನಿಯ ಗ್ರೈಂಡರ್ ಶುರುವಾಯಿತೆಂದರೆ ನಾನೂ ಅಜ್ಜಿಯೂ ಮಲಗುತ್ತಿದ್ದ ಕೋಣೆಯ ನೆಲ ಸಣ್ಣಗೆ ನಡುಗುತ್ತಿತ್ತು. ಅದೇ ನಮಗೆ ಅಲಾರಾಂ. ಹೊತ್ತು ಏರಿದಂತೆ ಒಂದೊಂದು ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು: ಮೊದಲು ಕಾಫಿ, ಆಮೇಲೆ ಸಾಂಬಾರಿನ ಒಗ್ಗರಣೆ, ಮಧ್ಯಾಹ್ನಕ್ಕೆ ಅನ್ನ, ಸಂಜೆಗೆ ಎಣ್ಣೆಗೆ ಬಿದ್ದ ಬಿಸ್ಕುಟ್ ರೊಟ್ಟಿ. ಇಷ್ಟೆಲ್ಲ ಇದ್ದರೂ ಅಜ್ಜಿ ಕೆಳಗಿನ ಊಟ ಮುಟ್ಟುತ್ತಿರಲಿಲ್ಲ. ಊರಿಗೆಲ್ಲ ಮಾಡಿದ ಸಾರಿನಲ್ಲಿ ಮನೆಯವರ ರುಚಿ ಎಲ್ಲಿರುತ್ತದೆ ಎಂದು ತನ್ನ ಪುಟ್ಟ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಳ್ಳುತ್ತಿದ್ದಳು. ಅಮ್ಮ ಎರಡೂ ಕಡೆಯ ಊಟ ಮಾಡಿ ಎರಡರಲ್ಲೂ ಉಪ್ಪು ಕಡಿಮೆ ಎನ್ನುತ್ತಿದ್ದಳು. ಹೋಟೆಲಿನ ಗದ್ದಲ ತಗ್ಗುತ್ತಿದ್ದುದು ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ನಡುವೆ ಮಾತ್ರ. ನನ್ನ ಹಾರ್ಮೋನಿಯಂ ಅಭ್ಯಾಸಕ್ಕೆ ಸಿಗುತ್ತಿದ್ದ ಹೊತ್ತು ಅದೇ. ಹೋಟೆಲಿನ ಹುಡುಗರು ಕೆಳಗೆ ಬೆಂಚುಗಳ ಮೇಲೆ ಅಡ್ಡಾಗಿರುತ್ತಿದ್ದರು. ಅವರನ್ನು ಎಬ್ಬಿಸದಂತೆ ತೀರ ಮೆಲ್ಲಗೆ ಬಾರಿಸುವುದನ್ನು ನಾನು ಕಲಿತದ್ದು ಹಾಗೆ.

ಹಾರ್ಮೋನಿಯಂ ಮನೆಗೆ ಬಂದದ್ದು ಅಜ್ಜಿಯ ಶನಿವಾರದ ಭಜನೆಗಾಗಿ. ಉಡುಪಿಯ ಕಡೆಯಿಂದ ಬಂದು ಪುಣೆಯಲ್ಲಿ ಹೋಟೆಲು ಇಟ್ಟ ಐದಾರು ಮನೆಯವರು ಶನಿವಾರ ಸಂಜೆ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ನಾನು ಒಬ್ಬಳೇ ಮಗಳು. ಪೆಟ್ಟಿಗೆಯ ಮುಂದೆ ಕೂರಿಸಲು ಬೇರೆ ಯಾರೂ ಇರಲಿಲ್ಲ. ಹೆಣ್ಣುಮಗಳಿಗೆ ಮದುವೆಯಾಗುವವರೆಗೆ ಒಂದು ವಿದ್ಯೆ ಇರಲಿ ಎಂದು ಅಪ್ಪ ನನ್ನನ್ನು ಸದಾಶಿವ ಪೇಟೆಯ ಒಬ್ಬ ವೃದ್ಧ ಗಾಯಕಿಯ ಬಳಿ ಕಲಿಯಲು ಕಳಿಸಿದರು. ಮರಾಠಿಯವರು ಗೌರವದಿಂದ ಅವರನ್ನು ‘ಬಾಯಿ’ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು. “ಬಾಯಿ ಅಂತ ಹೆಸರಾ? ಮೂಗು ಯಾರು ಹಾಗಾದ್ರೆ?” ಎಂದು ಅಜ್ಜಿ ಪ್ರತಿ ಸಲವೂ ಕೇಳಿ, ಪ್ರತಿ ಸಲವೂ ತಾನೇ ನಗುತ್ತಿದ್ದಳು.

ಶರಣು ನನಗೆ ಸಿಕ್ಕಿದ್ದು ಬಾಯಿಯ ಮನೆಯಲ್ಲಿ. ಅವನು ಅಲ್ಲಿಗೆ ಬಂದದ್ದು ಬಚ್ಚಲಿಗೆ ಟೈಲ್ಸ್ ಹಾಕಲು. ಒಳಗೆ ನಮ್ಮ ಪಾಠ ನಡೆಯುವಾಗ ಹೊರಗೆ ಯಾರೋ ಬೋರಲು ಹಾಕಿದ ಬಕೆಟ್ಟಿನ ಮೇಲೆ ತಾಳ ಹಿಡಿಯುತ್ತಿದ್ದುದು ಕೇಳಿ ಬಾಯಿ ಎದ್ದು ಹೋಗಿ, ಟೈಲ್ಸ್ ಹಾಕುವುದಿದ್ದರೆ ಹಾಕು, ಬಾರಿಸುವುದಿದ್ದರೆ ಒಳಗೆ ಬಂದು ಬಾರಿಸು, ಎರಡೂ ಒಟ್ಟಿಗೆ ನನ್ನ ಮನೆಯಲ್ಲಿ ಬೇಡ ಎಂದು ಗದರಿದರು. ಅವನು ಟೈಲ್ಸ್ ಮುಗಿಸಿ ಒಳಗೆ ಬಂದ. ಕಾರ್ಮಿಕರ ಶೆಡ್ಡುಗಳ ಭಜನೆಯಲ್ಲಿ ಢೋಲಕಿ ಬಾರಿಸಿ ಬೆಳೆದ ಕೈ ಅದು. ತಬಲಾಕ್ಕೆ ಅದನ್ನು ತಿದ್ದುವ ಕೆಲಸವನ್ನು ಬಾಯಿ ತನಗೆ ಗೊತ್ತಿದ್ದ ಒಬ್ಬ ತಬಲಜಿಗೆ ಒಪ್ಪಿಸಿದರು. ಸಿಮೆಂಟಿನಿಂದ ಒಡೆದ ಬೆರಳುಗಳಿಗೆ ಹಚ್ಚಿಕೊಳ್ಳಲು ಎಳ್ಳೆಣ್ಣೆಯ ಬಾಟಲಿಯನ್ನೂ ಕೊಟ್ಟರು. ಮುಂದೆ ನಾನು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುವುದು, ಆ ಸಾಲಿನ ಮೇಲೆ ಅವನು ಕೈ ತಿರುಗಿಸುವುದು; ಹೀಗೆ ಇಬ್ಬರೂ ಎದುರುಬದುರು ಕೂತು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆವು. ಮಾತೆಲ್ಲ ಮರಾಠಿಯಲ್ಲಿ, ಅದೂ ಬಹುವಚನದಲ್ಲಿ. ಅವನು ಎಲ್ಲಿಯವನೆಂದು ನಾನು ಕೇಳಲಿಲ್ಲ, ನಾನು ಎಲ್ಲಿಯವಳೆಂದು ಅವನು ಕೇಳಲಿಲ್ಲ. ಒಂದು ದಿನ ತಬಲಾ ಶ್ರುತಿ ಮಾಡುವಾಗ ಸುತ್ತಿಗೆ ಜಾರಿ ಅವನ ಹೆಬ್ಬೆರಳಿನ ಮೇಲೆ ಬಿತ್ತು.

“ಯವ್ವಾ, ಸತ್ನೆಪ್ಪೋ!”

“ಅಯ್ಯೋ, ಎಂತ ಆಯ್ತು?” ಎಂದೆ ನಾನು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದ.

“ನೀವು ಕನ್ನಡದವ್ರೇನ್ರಿ?”

“ಹೌದು.”

“ಮತ್ತ ಇಷ್ಟ ದಿನ ನನ್ನ ಹರಕು ಮರಾಠಿ ಕೇಳ್ಕೋತ ಸುಮ್ನ ಕುಂತಿದ್ರೇನ್ರಿ?”

“ನಂದೂ ಹರಕೇ. ನೀವೂ ಸುಮ್ಮನೆ ಕೂತಿದ್ರಲ್ಲ!”

ಆ ದಿನ ನಕ್ಕಷ್ಟು ನಾನು ಆ ವಯಸ್ಸಿನವರೆಗೆ ನಕ್ಕಿರಲಿಲ್ಲ. ಬಾಯಿ ಒಳಗಿನಿಂದ ಬಂದು, ಅಭ್ಯಾಸಕ್ಕೆ ಬಂದಿದ್ದೀರೋ ತಮಾಷೆಗೋ ಎಂದು ಕೇಳಿದಾಗಲೂ ನಗು ನಿಲ್ಲಲಿಲ್ಲ. ಆಮೇಲೆ ಮಾತಿಗೆ ಕಟ್ಟೆ ಒಡೆಯಿತು. ಅವನ ತಂದೆ ತಾಯಿ ಯಾದಗಿರಿಯ ಕಡೆಯವರು. ತಂದೆ ಗೋಡೆ ಕಟ್ಟುವ ಗೌಂಡಿ, ತಾಯಿ ಅದೇ ಸೈಟುಗಳಲ್ಲಿ ಇಟ್ಟಿಗೆ ಹೊರುವವಳು. ಆಗ ಇನ್ನೂ ಏಳುತ್ತಿದ್ದ ವಿಮಾನ ನಗರದ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡಿನಲ್ಲಿ ಅವರ ವಾಸ. ಒಂದು ಕಟ್ಟಡ ಮುಗಿದರೆ ಶೆಡ್ಡು ಇನ್ನೊಂದಕ್ಕೆ ಹೋಗುತ್ತಿತ್ತು. ಶೆಡ್ಡು ಬದಲಾದಂತೆ ಬಿಟ್ಟು ಬಿಟ್ಟು ಅವನು ಓದಿದ್ದೆಲ್ಲ ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ, ಹಾಗಾಗಿ ನನ್ನ ಕನ್ನಡ ಅವನಿಗೆ ಅರ್ಧ ಹೊಸದು. ನಾನು ‘ನಾಳೆ ಕ್ಲಾಸ್ ಉಂಟು’ ಎಂದರೆ ಅವನು, “ಉಂಟು ಅಂದ್ರ ಅದ ಅಂತನೋ, ಇಲ್ಲ ಅಂತನೋ?” ಎಂದು ಕೇಳುತ್ತಿದ್ದ. ಪಾಠ ಮುಗಿಸಿ ಇಬ್ಬರೂ ಸ್ವಾರಗೇಟಿನ ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದೆವು. ಕೂತು ಕಾಫಿ ಕುಡಿಯುವಂತಿರಲಿಲ್ಲ, ಏಕೆಂದರೆ ಪುಣೆಯ ಯಾವ ಉಡುಪಿ ಹೋಟೆಲಿಗೆ ಕಾಲಿಟ್ಟರೂ ಗಲ್ಲಾದ ಮೇಲೆ ನಮ್ಮ ಮಾವನೋ ಚಿಕ್ಕಪ್ಪನೋ ಕೂತಿರುತ್ತಿದ್ದ. ಹಾಗಾಗಿ ನಮ್ಮ ಪ್ರೀತಿಯೆಲ್ಲ ಬಸ್ ಸ್ಟ್ಯಾಂಡಿನ ಹೊರಗೆ ನಿಂತು ತಿಂದ ವಡಾಪಾವಿನ ಮೇಲೆ ಬೆಳೆಯಿತು. ಅವನು ಮೆಣಸಿನಕಾಯಿಯನ್ನು ಕಚ್ಚಿ ಕಚ್ಚಿ ತಿನ್ನುತ್ತಿದ್ದ, ನಾನು ನನ್ನದನ್ನೂ ಅವನಿಗೇ ಕೊಡುತ್ತಿದ್ದೆ. ಒಂದು ಸಂಜೆ ಅವನು ನನ್ನ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಓಡಿ ಬಂದು, “ಶೈಲಾ, ನನಗ ನಿಮ್ಮ ಮ್ಯಾಲ ಭಾಳ ಅದ ರೀ” ಎಂದ. ಏನು ಭಾಳ ಎಂದು ಹೇಳುವಷ್ಟರಲ್ಲಿ ಬಸ್ಸು ತಿರುಗಿತು. ಕ್ಯಾಂಪಿನವರೆಗೂ ನಾನು ಕಿಟಕಿಗೆ ಮುಖವಿಟ್ಟು ನಗುತ್ತಲೇ ಇದ್ದೆ. ಮರುದಿನ ಅವನಿಗೆ, “ನನಗೂ ಉಂಟು” ಎಂದೆ. ಆಗ ಮಾತ್ರ ಅವನು ಅರ್ಥ ಕೇಳಲಿಲ್ಲ.

ಅವನನ್ನು ಮನೆಗೆ ಕರೆದುಕೊಂಡು ಬಂದವಳು ನಾನೇ. ಭಜನೆಗೆ ತಬಲಾ ಬಾರಿಸುತ್ತಿದ್ದ ಮಾವ ಊರಿಗೆ ಹೋಗಿದ್ದರು, ಅಜ್ಜಿ ಸಪ್ಪಗಿದ್ದಳು. ಬಾಯಿಯ ಶಿಷ್ಯನೊಬ್ಬನಿದ್ದಾನೆ ಎಂದಷ್ಟೇ ಹೇಳಿದೆ. ಆ ಶನಿವಾರ ನಮ್ಮ ನಡುಮನೆಯ ಭಜನೆಗೆ ಕಾಲು ಬಂದವು. ವರ್ಷಗಳಿಂದ ಒಂದೇ ನಡಿಗೆಯಲ್ಲಿ ಹೋಗುತ್ತಿದ್ದ ಹಾಡುಗಳನ್ನು ಅವನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಮಂಡಿ ನೋವಿನ ಹೆಂಗಸರೆಲ್ಲ ತಲೆ ತೂಗಿ, ಕೈ ತಟ್ಟಿ, ಬೆವರು ಒರೆಸಿಕೊಂಡರು. ಅಜ್ಜಿಯಂತೂ ಕೊನೆಯ ಹಾಡನ್ನು ಇನ್ನೊಮ್ಮೆ ಎಂದು ಎರಡು ಸಲ ಹೇಳಿಸಿದಳು. ಮಂಗಳಾರತಿಯಾದ ಮೇಲೆ ಎಲೆ ಹಾಕುವಾಗ ಅಪ್ಪ ಅವನನ್ನು ಪ್ರೀತಿಯಿಂದಲೇ ವಿಚಾರಿಸಿದರು.

“ಕೈ ಒಳ್ಳೇದುಂಟು. ಊರು ಯಾವುದು? ತಂದೆಗೆ ಎಂತ ಕೆಲಸ?”

“ಯಾದಗಿರಿ ಕಡೆ ರೀ. ಅಪ್ಪ ಗೌಂಡಿ, ಅವ್ವ ಸೈಟಿನ್ಯಾಗ ಇಟ್ಟಂಗಿ ಹೊರತಾಳ್ರಿ. ನಾ ಟೈಲ್ಸ್ ಹಾಕ್ತೀನ್ರಿ.”

ಅಪ್ಪನ ಮುಖ ಕೆಡಲಿಲ್ಲ. ಒಳ್ಳೆಯದು ಒಳ್ಳೆಯದು ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, “ಈ ಹುಡುಗನಿಗೆ ಕೆಳಗೆ ಊಟ ಕೊಡಿಸು” ಎಂದರು. ಕೆಳಗೆ ಎಂದರೆ ಅಡುಗೆಮನೆಯ ಪಕ್ಕದ ಬೆಂಚು, ಕೆಲಸದ ಹುಡುಗರ ಪಂಕ್ತಿ. ಶರಣು ಏನೂ ಆಗದವನಂತೆ ತಬಲಾಕ್ಕೆ ಬಟ್ಟೆ ಸುತ್ತಿ, ಎಲ್ಲರಿಗೂ ಕೈ ಮುಗಿದು, ಹಿಂದಿನ ಮೆಟ್ಟಿಲು ಇಳಿದ. ನಾನು ಎಲೆಯ ಮುಂದೆ ಕೂತಿದ್ದೆ. ಅಮ್ಮ ಕೋಸಂಬರಿ ಬಡಿಸುತ್ತಿದ್ದಳು. ಅದೇನು ಧೈರ್ಯವೋ, ಬರಿಯ ಸಿಟ್ಟೋ, ಈಗಲೂ ಹೇಳಲಾರೆ. ಎದ್ದೆ, ಒಂದು ತಟ್ಟೆ ತೆಗೆದುಕೊಂಡೆ, ಅದೇ ಮೆಟ್ಟಿಲು ಇಳಿದು ಹೋಗಿ ಅವನ ಎದುರಿನ ಬೆಂಚಿನಲ್ಲಿ ಕೂತೆ. ಬಡಿಸುತ್ತಿದ್ದ ಅಡುಗೆ ಭಟ್ಟರ ಸೌಟು ಗಾಳಿಯಲ್ಲೇ ನಿಂತಿತು.

“ಮ್ಯಾಲ ಹೋಗ್ರಿ,” ಎಂದ ಶರಣು, ತಲೆ ಎತ್ತದೆ. “ಮನಿಯವ್ರು ಏನಂತಾರ?”

“ಅನ್ನಲಿ. ಭಟ್ಟರೇ, ನನಗೂ ಸಾರು ಹಾಕಿ.”

ಭಟ್ಟರು ಹಾಕಿದರು. ಒಂದು ಮಾತನ್ನೂ ಹೇಳದೆ ನಾನು ಮನೆಗೆಲ್ಲ ಎಲ್ಲವನ್ನೂ ಹೇಳಿಬಿಟ್ಟಿದ್ದೆ.

ಜಗಳ ಬಂದವರು ಹೋಗುವವರೆಗೆ ಕಾದು ಆಮೇಲೆ ಶುರುವಾಯಿತು. ಜಾತಿಯ ಮಾತು ಬಂತು, ನೆಂಟರ ಮಾತು ಬಂತು, ಮುಂಬಯಿಯ ಹೋಟೆಲಿನವರ ಮಗನ ಜಾತಕ ಬಂದಿರುವ ಮಾತೂ ಬಂತು. ಅಮ್ಮ ಅಳಲಿಲ್ಲ, ಪಾತ್ರೆಗಳನ್ನು ಕುಕ್ಕಿದಳು. ಅಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಬೇರೆಯೇ.

“ನಾನು ಈ ಊರಿಗೆ ಬಂದು ಟೇಬಲ್ ಒರೆಸಿದವ. ಮಗಳು ಮೇಲೆ ಹೋಗಲಿ ಅಂತ ಒರೆಸಿದ್ದು, ಕೆಳಗೆ ಇಳಿಯಲಿ ಅಂತ ಅಲ್ಲ.”

“ನಾನು ಇಳಿದದ್ದು ಒಂದೇ ಮಹಡಿ ಅಪ್ಪ.”

ಅಜ್ಜಿ ಮೂಲೆಯಲ್ಲಿ ಕಿಸಕ್ಕನೆ ನಕ್ಕಳು. ಅದು ಅಪ್ಪನ ಸಿಟ್ಟನ್ನು ಇಮ್ಮಡಿ ಮಾಡಿತು. ಬಾಯಿಯ ಮನೆಯ ಪಾಠ ನಿಂತಿತು. ಹಾರ್ಮೋನಿಯಂ ರೇಷ್ಮೆ ಸೀರೆಗಳ ಕಪಾಟಿನೊಳಗೆ ಹೋಯಿತು, ಬೀಗದಕೈ ಅಪ್ಪನ ಜನಿವಾರಕ್ಕೆ ಏರಿತು. ಮುಂದಿನ ಶನಿವಾರಗಳು ಬರಿಯ ತಾಳದ ಭಜನೆಗಳಾದವು. ಅಜ್ಜಿ ಪ್ರತಿ ಹಾಡಿನ ನಡುವೆ ಕಪಾಟಿನ ಕಡೆ ನೋಡಿ, “ನಾವು ಮನುಷ್ಯರು ಜಗಳ ಮಾಡಿಕೊಂಡದ್ದು ಸರಿ. ಪೆಟ್ಟಿಗೆ ಎಂತ ತಪ್ಪು ಮಾಡಿದ್ದು? ಅದಕ್ಕೆ ಯಾಕೆ ಜೈಲು?” ಎಂದು ದೊಡ್ಡದಾಗಿ ಕೇಳುತ್ತಿದ್ದಳು. ನನಗೆ ಆ ವಾರಗಳಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಊಟದ ಮೇಜಿನ ಅಂಚಿನ ಮೇಲೆ ಬೆರಳು ತಾವೇ ಓಡಾಡುತ್ತಿದ್ದವು. ಅಪ್ಪ ಅದನ್ನು ನೋಡಿಯೂ ನೋಡದಂತೆ ಅನ್ನ ಕಲಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ, ಹೋಟೆಲು ಖಾಲಿಯಿದ್ದ ಹೊತ್ತಿನಲ್ಲಿ, ಶರಣುವಿನ ತಾಯಿ ಈರಮ್ಮ ಒಬ್ಬಳೇ ಬಂದಳು. ಮಡಿಕೆ ಬಿಚ್ಚಿದ ಇಳಕಲ್ ಸೀರೆ, ತಲೆ ತುಂಬ ಸೆರಗು. ನಾನು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ, ಪ್ರತಿ ಮಾತೂ ಕೇಳಿಸಿತು. ಅವಳು ನೇರವಾಗಿ ಗಲ್ಲಾದ ಮುಂದೆ ನಿಂತು, ತಾನು ಶರಣುವಿನ ಅವ್ವ ಎಂದಳು. ಅಪ್ಪ ಎದ್ದು ನಿಂತರು. ಬೇಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡು ಹೇಗೆ ಇಲ್ಲವೆನ್ನುವುದು ಎಂದು ಯೋಚಿಸುತ್ತಿದ್ದರೇನೋ.

“ನಿಮ್ಮ ಮಗಳು ಛಲೋ ಹುಡುಗಿ ಇರಬೇಕ್ರಿ. ಆದ್ರ ನಮಗ ಬ್ಯಾಡ. ಆಕಿಗೆ ಹೇಳ್ರಿ, ನನ್ನ ಮಗನ ಬಿಡು ಅಂತ.”

ಅಪ್ಪ ಗಲ್ಲಾದ ಹಿಂದಿನಿಂದ ಹೊರಗೆ ಬಂದರು. ಆಮೇಲೆ ದನಿ ಏರಿತು.

“ಬೇಡ ಅಂದ್ರೆ ಎಂತ? ನನ್ನ ಮಗಳಿಗೆ ಎಂತ ಕೊರತೆ ಉಂಟು?”

“ಕೊರತಿ ಇಲ್ರಿ, ಹೆಚ್ಚಾಗ್ಯಾದ. ನಾಳಿ ಆಕಿ ಬಂದ್ಲಂದ್ರ ನೀವು ನನ್ನ ಮಗನ್ನ ಈ ಗಲ್ಲಾದ ಮ್ಯಾಲ ಕುಂದರಸ್ತೀರಿ. ಆಮ್ಯಾಲ ಅವ ನನ್ನ ಮಗ ಆಗಿ ಉಳಿಯಂಗಿಲ್ಲ, ನಿಮ್ಮ ಆಳ ಆಗ್ತಾನ.”

“ನಾನೂ ಬೇಡ ಅಂತಲೇ ಹೇಳಿದ್ದು ಮಾರಾಯ್ತಿ!”

“ಹಂಗಾದ್ರ ಇಬ್ಬರದೂ ಒಂದ ಮಾತಾತಲ್ರಿ!”

ಎರಡು ಮನೆಯವರು ಮೊದಲ ಬಾರಿ ಒಪ್ಪಿದ್ದು ಹೀಗೆ, ನಾವು ಮದುವೆಯಾಗಬಾರದೆಂದು. ಅಷ್ಟರಲ್ಲಿ ಅಜ್ಜಿ ನನ್ನನ್ನು ಸರಿಸಿ ಮೆಟ್ಟಿಲು ಇಳಿದಾಗಿತ್ತು. ಕನ್ನಡದ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತೇ ಮಾತಾಡಿ ಹೋಗುವುದೆಂದರೆ ಏನು ಎಂದು ಈರಮ್ಮನ ಕೈ ಹಿಡಿದು ಮೇಲೆ ಕರೆತಂದಳು, ಮಣೆ ಹಾಕಿದಳು, ಕಾಫಿ ಕೊಟ್ಟಳು. ಮಗನಿಗೆ ತಾಳ ಎಲ್ಲಿಂದ ಬಂತು ಎಂದು ಕೇಳಿದಳು. ಶೆಡ್ಡಿನ ಭಜನೆಯಿಂದ, ತಾನೂ ಅಲ್ಲಿ ಹಾಡುತ್ತೇನೆ ಎಂದಳು ಈರಮ್ಮ. ಹಾಗಾದರೆ ಹಾಡು ಎಂದಳು ಅಜ್ಜಿ. ಈರಮ್ಮ ಸೆರಗು ಸರಿ ಮಾಡಿಕೊಂಡು, ಒಂದು ಕೈ ಕಿವಿಗೆ ಇಟ್ಟು, ತಮ್ಮ ಕಡೆಯ ತತ್ವಪದವೊಂದನ್ನು ಎತ್ತಿದಳು. ನಮ್ಮ ನಡುಮನೆಯ ಕಿಟಕಿ ಗಾಜುಗಳು ಅಂಥ ದನಿಯನ್ನು ಅದುವರೆಗೆ ಕೇಳಿರಲಿಲ್ಲ. ಅಜ್ಜಿ ಹಾಡಿನ ನಡುವೆಯೇ ಮೆಟ್ಟಿಲ ಬಾಯಿಗೆ ಹೋಗಿ, “ಕಪಾಟಿನ ಕೀ ತಾ!” ಎಂದು ಕೂಗಿದಳು. ಅಪ್ಪ ಬಂದರು. ಬಾಗಿಲಲ್ಲಿ ನಿಂತು ಹಾಡು ಕೇಳಿದರು. ಅಂಗಿಯ ಗುಂಡಿ ಬಿಚ್ಚಿ, ಜನಿವಾರದಿಂದ ಬೀಗದಕೈ ಕಳಚಿ ಅಮ್ಮನ ಕೈಗೆ ಕೊಟ್ಟರು, ನನ್ನ ಕೈಗಲ್ಲ. ಪೆಟ್ಟಿಗೆ ಹೊರಗೆ ಬಂತು. ಈರಮ್ಮನ ಸ್ವರ ಪೆಟ್ಟಿಗೆಯ ಎರಡು ಸ್ವರಮನೆಗಳ ನಡುವೆ ಎಲ್ಲೋ ಓಡಾಡುತ್ತಿತ್ತು. ನಾನು ಕಣ್ಣು ಮುಚ್ಚಿ, ಬಾಯಿ ಕಲಿಸಿದ್ದನ್ನೆಲ್ಲ ಬಿಟ್ಟು, ಅವಳು ಹೋದಲ್ಲಿಗೆ ಹೋದೆ. ಹಾಡು ಮುಗಿದಾಗ ಅವಳು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು.

“ಪೆಟಿಗಿ ಛಲೋ ಬಾರಸ್ತಿ ಬಿಡು. ನನ್ನ ಬೆನ್ನ ಹತ್ತಿ ಬಂದಿ.”

ಕಾಫಿ ಲೋಟ ಕೆಳಗಿಟ್ಟು, ಏಳುತ್ತ, “ಆದ್ರೂ ಬ್ಯಾಡ” ಎಂದಳು.

ಕಪಾಟಿಗೆ ಮತ್ತೆ ಬೀಗ ಬೀಳಲಿಲ್ಲ. ನಾನು ಬಾಯಿಯ ಮನೆಗೆ ಹೋಗತೊಡಗಿದೆ, ಯಾರೂ ತಡೆಯಲಿಲ್ಲ. ಕೆಲವು ತಿಂಗಳಾದ ಮೇಲೆ ಅಪ್ಪ ಅಮ್ಮನ ಮೂಲಕ ಒಂದು ಮಾತು ಕಳಿಸಿದರು: ಹುಡುಗ ಟೈಲ್ಸು, ತಬಲಾ ಎರಡನ್ನೂ ಬಿಟ್ಟು ಹೋಟೆಲಿಗೆ ಬರುವುದಾದರೆ ಯೋಚಿಸಬಹುದು. ಅಮ್ಮನಿಗೆ ಅದು ದೊಡ್ಡ ಗೆಲುವಾಗಿ ಕಂಡಿತು. ನನಗೂ ಒಂದು ಕ್ಷಣ ಹಾಗೆಯೇ ಕಂಡಿತೆಂದು ಮುಚ್ಚಿಡುವುದೇಕೆ? ಸ್ವಾರಗೇಟಿನಲ್ಲಿ ಹೇಳಿದಾಗ ಶರಣು ಕೈಯಲ್ಲಿದ್ದ ವಡಾಪಾವನ್ನು ಮತ್ತೆ ಕಾಗದದಲ್ಲಿ ಸುತ್ತಿದ.

“ನಿಮ್ಮಪ್ಪಾರು ಅವಮಾನ ಮಾಡಾಕ ಹೇಳಿಲ್ಲ, ಅದು ನನಗ ಗೊತ್ತದ. ಆದ್ರ ಗಲ್ಲಾದ ಮ್ಯಾಲ ಕುಂತ್ರ ನನ್ನ ಕೈ ಸತ್ತು ಹೋಗ್ತಾವ್ರಿ. ನೀವು ಪೆಟಿಗಿ ಯಾರ ಜೋಡಿ ಬಾರಸ್ತೀರಿ ಮತ್ತ?”

ಇಲ್ಲವೆಂದು ಅವನೇ ಹೋಗಿ ಅಪ್ಪನಿಗೆ ಹೇಳಿ ಬಂದ. ಅಪ್ಪ ಇನ್ನು ಈ ಮಾತು ಮುಗಿಯಿತು ಎಂದರು. ಮುಗಿಯಲಿಲ್ಲ. ನಾನು ಒಂದು ಶಾಲೆಯಲ್ಲಿ ಹಾರ್ಮೋನಿಯಂ ಕಲಿಸುವ ಕೆಲಸಕ್ಕೆ ಸೇರಿದೆ. ಬಾಯಿಯ ಶಿಷ್ಯರ ಕಛೇರಿಗಳಿಗೆ ಇಬ್ಬರೂ ಜೊತೆಯಾಗಿ ಹೋಗತೊಡಗಿದೆವು. ಭಾನುವಾರಗಳಲ್ಲಿ ನಾನು ಈರಮ್ಮನ ಶೆಡ್ಡಿಗೆ ಹೋಗಿ ಜೋಳದ ರೊಟ್ಟಿ ಬಡಿಯಲು ಕೂರುತ್ತಿದ್ದೆ. ಮೊದಮೊದಲು ಅವಳು ಮಾತಾಡುತ್ತಿರಲಿಲ್ಲ, ಹಿಟ್ಟಿನ ಮುದ್ದೆಯನ್ನು ನನ್ನ ಕಡೆ ತಳ್ಳುತ್ತಿದ್ದಳು ಅಷ್ಟೆ. ನನ್ನ ರೊಟ್ಟಿ ಒಂದೊಂದು ಒಂದೊಂದು ಜಿಲ್ಲೆಯ ನಕ್ಷೆಯಂತೆ ಹರಿಯುತ್ತಿತ್ತು. ಶರಣು ಪಕ್ಕದಲ್ಲಿ ಕೂತು ಎರಡೇ ಏಟಿಗೆ ದುಂಡಗೆ ಬಡಿದು ಹಂಚಿಗೆ ಹಾಕುತ್ತಿದ್ದ. ಒಂದು ಭಾನುವಾರ ಈರಮ್ಮ ನನ್ನ ಹರಿದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಶೆಡ್ಡೆಲ್ಲ ತುಂಬುವಂತೆ ನಕ್ಕಳು.

“ನಿನಗ ಈ ಜನ್ಮದಾಗ ಬರಂಗಿಲ್ಲವ್ವ. ಹೋಗ್ಲಿ ಬಿಡು, ಅವನಿಗೆ ಬರತದಲ್ಲ. ನಡೀತದ ಸಂಸಾರ.”

ಅವಳ ಒಪ್ಪಿಗೆ ಎಂದರೆ ಅದೇ. ಬಾಯಿಯ ಹಳೆಯ ವಾಡೆಮನೆಯ ಅಂಗಳದಲ್ಲಿ ನಮ್ಮ ಮದುವೆಯಾಯಿತು. ಅಜ್ಜಿ ಬಂದಳು. ಅಮ್ಮ ಬಂದಳು, ಹೋಳಿಗೆಗೆ ಉಪ್ಪು ಕಡಿಮೆ ಎಂದಳು. ಅಪ್ಪ ಬರಲಿಲ್ಲ.

ವಿಮಾನ ನಗರದ ಹಿಂದಿನ ಒಂದು ಚಾಳಿನಲ್ಲಿ, ಮೊದಲ ಮಹಡಿಯ ಒಂದೇ ಕೋಣೆಯಲ್ಲಿ, ಅಜ್ಜಿ ಕೊಟ್ಟ ಪೆಟ್ಟಿಗೆಯೊಂದಿಗೆ ನಾವು ಸಂಸಾರ ಹೂಡಿದೆವು. ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು. ವಿಮಾನ ಬಂದಾಗ ನಾವು ನುಡಿಸುವುದನ್ನು ನಿಲ್ಲಿಸಿ, ಮನಸ್ಸಿನಲ್ಲಿ ತಾಳ ಎಣಿಸಿ, ಅದು ಹೋದ ಕೂಡಲೇ ಇಬ್ಬರೂ ಒಟ್ಟಿಗೆ ಹಿಡಿಯುವುದು ನಮ್ಮ ಆಟವಾಯಿತು. ತಪ್ಪಿದವರು ಚಹಾ ಮಾಡಬೇಕು. ಇತ್ತ ಅಜ್ಜಿ ಕ್ಯಾಂಪಿನ ಮನೆಯಲ್ಲಿ ಘೋಷಣೆ ಮಾಡಿದಳು: ಹಾರ್ಮೋನಿಯಂ ಎಲ್ಲಿದೆಯೋ ಭಜನೆ ಅಲ್ಲಿ. ರಿಕ್ಷಾದಲ್ಲಿ ಕೂತರೆ ಸೊಂಟ ಮುರಿಯುತ್ತದೆ, ಮಗ ಕಾರಿನಲ್ಲಿ ಬಿಡಬೇಕು. ಅಪ್ಪನಿಗೆ ತಾಯಿಯ ಮಾತು ಮೀರಲಾಗಲಿಲ್ಲ. ಪ್ರತಿ ಶನಿವಾರ ಅಜ್ಜಿಯನ್ನೂ ಅಮ್ಮನನ್ನೂ ಚಾಳಿನ ಬಾಗಿಲಲ್ಲಿ ಇಳಿಸಿ, ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಅದರಲ್ಲೇ ಪೇಪರು ಓದುತ್ತ ಕೂರುತ್ತಿದ್ದರು. ನಾನು ಗ್ಯಾಲರಿಯಿಂದ ನೋಡುತ್ತಿದ್ದೆ. ಅವರು ತಲೆ ಎತ್ತುತ್ತಿರಲಿಲ್ಲ. ಹೀಗೆ ಒಂದು ಮಳೆಗಾಲ ಕಳೆಯಿತು. ಒಂದು ಶನಿವಾರ ಈರಮ್ಮ ಹಾಡುತ್ತಿದ್ದವಳು ಹಾಡು ನಿಲ್ಲಿಸಿ ಎದ್ದು ಕೆಳಗೆ ಹೋದಳು. ನಾವೆಲ್ಲ ಗ್ಯಾಲರಿಗೆ ನುಗ್ಗಿದೆವು. ಅವಳು ಕಾರಿನ ಗಾಜು ಬಡಿದಳು.

“ಬೀಗರ, ಬರ್ರಿ ಮ್ಯಾಲ.”

“ಬೇಡ. ನಾನು ಇಲ್ಲೇ ಸರಿ ಉಂಟು.”

“ಹಂಗಾದ್ರ ನಾನೂ ಇಲ್ಲೇ.”

ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತಳು. ನಿಲ್ಲಿಸಿದ ಹಾಡನ್ನು ಅಲ್ಲಿಯೇ ಮುಂದುವರಿಸಿದಳು. ಕಾರಿನೊಳಗಿನಿಂದ ಬಂದ ಆ ದನಿಗೆ ಚಾಳಿನ ಮಕ್ಕಳೆಲ್ಲ ಓಡಿ ಬಂದು ಗಾಜಿಗೆ ಮೂಗು ಒತ್ತಿದವು. ಅಜ್ಜಿಗೆ ಮೇಲಿನಿಂದ ಸರಿಯಾಗಿ ಕಾಣಲಿಲ್ಲ. “ಅವರಿಬ್ಬರೂ ಎಲ್ಲಿಗೆ ಹೊರಟದ್ದು?” ಎಂದು ಕೇಳಿದಳು. ಅಪ್ಪ ಪೇಪರು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. ಕೊನೆಗೆ ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದರು. ಹಿಂದೆ ಈರಮ್ಮ, ಅವಳ ಹಿಂದೆ ಮಕ್ಕಳ ದಂಡು.

ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶರಣು ತಬಲಾ ಬಿಟ್ಟು ಎದ್ದು ತನ್ನ ಚಾಪೆ ತೋರಿಸಿದ. ಅಪ್ಪ ಅವನ ಭುಜ ಒತ್ತಿ ಕೂರಿಸಿದರು. “ನೀನು ಬಾರಿಸು ಮಾರಾಯ. ಮಧ್ಯದಲ್ಲಿ ಏಳಬಾರದು” ಎಂದು, ಗ್ಯಾಸಿನ ಸಿಲಿಂಡರಿಗೆ ಒರಗಿ ಕೂತರು. ಕೊನೆಯ ಹಾಡಿಗೆ ಎಲ್ಲರ ಜೊತೆ ಅವರೂ ದನಿ ಎತ್ತಿದರು. ಅಪ್ಪ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಬೆರಳು ಇಡೀ ಪೆಟ್ಟಿಗೆ ಹುಡುಕಿದವು. ಆ ಸ್ವರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಶರಣು ತುಟಿ ಕಚ್ಚಿ ನಗು ತಡೆಯುತ್ತ ತಾಳ ಹಿಡಿದಿದ್ದ. ಈರಮ್ಮ ಮಾತ್ರ ತಡೆಯಲಿಲ್ಲ.

“ಬೀಗರ ದನಿ ವಿಮಾನಕ್ಕಿಂತ ಮ್ಯಾಲ ಹೊಂಟದ, ಹಿಡೀರ್ಯೋ ಯಾರರ!”

ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪನೇ. ನಗುತ್ತಲೇ ಹಾಡು ಮುಗಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆಯಲ್ಲ, ಶರಣುವಿನ ಕಡೆ ನೋಡಿ ಹೇಳಿದರು.

“ಮುಂದಿನ ಶನಿವಾರ ಸ್ವಲ್ಪ ಬೇಗ ಶುರು ಮಾಡು. ನನಗೆ ಎರಡು ಹಾಡು ಅಭ್ಯಾಸ ಮಾಡುವುದುಂಟು.”

“ಹೂಂ ರೀ, ಮಾವಾ.”